ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್, ಕೂಲಿಯವರಿಗೆ ಬಿಸಿಲು: ಚರ್ಮದ ಲೆಕ್ಕ ಯಾರು ಹಾಕಬೇಕು?

ಹಾವೇರಿ: 2025ರ ಏಪ್ರಿಲ್, ಮೇ ತಿಂಗಳಿಗೆ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತ್ತು. ಬಿಸಿಲು ಜೋರು ಇರುವುದರಿಂದ ಕಲಬುರಗಿ ವಿಭಾಗದ ಎಲ್ಲ ಜಿಲ್ಲೆಗಳಲ್ಲಿ ಮತ್ತು ನಮ್ಮ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಬೇಕು ಅಂತ. ಅದೇ ಬೆಳಗಾವಿ ವಿಭಾಗದಲ್ಲಿರುವ ಹಾವೇರಿ ಆ ಪಟ್ಟಿಯಲ್ಲಿ ಇರಲಿಲ್ಲ. ಡಿಗ್ರಿ ಲೆಕ್ಕದಲ್ಲಿ ನೋಡಿದರೆ ಅದು ತಪ್ಪೂ ಅಲ್ಲ. ರಾಯಚೂರು, ಕಲಬುರಗಿಯಷ್ಟು ಸೆಕೆ ನಮ್ಮಲ್ಲಿ ಇಲ್ಲ.

ಆದರೆ ಆ ಆದೇಶ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರಿಗೆ. ಬ್ಯಾಡಗಿ ಎಪಿಎಂಸಿ ಆವರಣದಲ್ಲಿ ಮೆಣಸಿನಕಾಯಿ ಹರವಿ ಒಣಗಿಸುವವರು, ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಪ್ಲಾಟ್‌ಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು, ಹಾವೇರಿ ಸಂತೆಯಲ್ಲಿ ನೆಲಕ್ಕೆ ತಟ್ಟು ಹಾಸಿ ಕಾಯಿಪಲ್ಲೆ ಮಾರುವವರು ಯಾವ ಜಿಲ್ಲೆಯ ಪಟ್ಟಿಯಲ್ಲೂ ಇಲ್ಲ. ಇನ್ನೊಂದು ಮಾತು ಅದಕ್ಕಿಂತ ಮುಖ್ಯ: ಬಿಸಿಲು ಚರ್ಮಕ್ಕೆ ಮಾಡುವ ಹಾನಿಯನ್ನು ಥರ್ಮಾಮೀಟರ್ ತೋರಿಸುವುದೇ ಇಲ್ಲ.

ಈಗ ಮೊಬೈಲ್ ತೆಗೆದರೆ ಸಾಕು, ‘ಬಿಸಿಲಿಗೆ ಹೋದರೆ ಸ್ಕಿನ್ ಕ್ಯಾನ್ಸರ್’ ಅಂತ ಹೆದರಿಸಿ ಕ್ರೀಮ್ ಮಾರುವ ರೀಲ್ಸ್ ಒಂದು ಕಡೆ. ‘ನಮಗ ಬಿಸಲು ರೂಢಿ ಐತಿ, ಏನೂ ಆಗಂಗಿಲ್ಲ ಬಿಡ್ರಿ’ ಅನ್ನುವ ಧೈರ್ಯ ಇನ್ನೊಂದು ಕಡೆ. ಎರಡರಲ್ಲೂ ಅರ್ಧ ಸತ್ಯ ಇದೆ. ಉಳಿದ ಅರ್ಧ ನಮ್ಮ ಮೂರು ತಾಲ್ಲೂಕಿನ ಜನಕ್ಕೆ ಏನು ಅಂತ ನೋಡೋಣ.

ಡಿಗ್ರಿ ಬೇರೆ, ಯುವಿ ಬೇರೆ

ಸೂರ್ಯನಿಂದ ಬರುವುದು ಬೆಳಕು, ಶಾಖ ಅಷ್ಟೇ ಅಲ್ಲ. ಕಣ್ಣಿಗೆ ಕಾಣದ, ಮೈಗೆ ಬಿಸಿ ಅನ್ನಿಸದ ಅತಿನೇರಳೆ ಕಿರಣಗಳೂ ಬರುತ್ತವೆ. ಇದಕ್ಕೇ ಯುವಿ ಅನ್ನುವುದು. ನೆಲಕ್ಕೆ ತಲುಪುವುದರಲ್ಲಿ ಎರಡು ಬಗೆ. ಯುವಿ-ಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಯುವಿ-ಎ ಇನ್ನೂ ಆಳಕ್ಕೆ ಇಳಿದು ಚರ್ಮದ ಬಿಗಿ ಕಳೆಯುತ್ತದೆ, ಸುಕ್ಕು ತರುತ್ತದೆ. ಎರಡೂ ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ದೇಹ ಆ ಪೆಟ್ಟನ್ನು ದಿನಾ ರಿಪೇರಿ ಮಾಡುತ್ತಲೇ ಇರುತ್ತದೆ. ಇಪ್ಪತ್ತು, ಮೂವತ್ತು ವರ್ಷ ಹಾನಿ ಮೇಲೆ ಹಾನಿ ಆದಾಗ ಕೆಲವು ರಿಪೇರಿ ತಪ್ಪುತ್ತದೆ. ಹಾಗೆ ತಪ್ಪಿದ ಕೋಶ ಲಂಗುಲಗಾಮು ಇಲ್ಲದೆ ಬೆಳೆಯತೊಡಗಿದರೆ ಅದೇ ಕ್ಯಾನ್ಸರ್.

ಯುವಿ ಎಷ್ಟಿದೆ ಅನ್ನುವುದು ಸೆಕೆಯ ಮೇಲೆ ನಿಂತಿಲ್ಲ, ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅನ್ನುವುದರ ಮೇಲೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಯುವಿ ಸೂಚ್ಯಂಕ ಅಂತ ಒಂದು ಅಳತೆ ಇಟ್ಟಿದೆ. 3ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ, 8 ದಾಟಿದರೆ ಅತಿ ಹೆಚ್ಚು, 11 ಮತ್ತು ಅದರ ಮೇಲೆ ವಿಪರೀತ. ದಕ್ಷಿಣ ಭಾರತದಲ್ಲಿ ಮಾರ್ಚ್‌ನಿಂದ ಮೇವರೆಗೆ ಮೋಡವಿಲ್ಲದ ಮಧ್ಯಾಹ್ನ ಇದು 11 ದಾಟುವುದು ಸಾಮಾನ್ಯ. ಅಂದರೆ ಡಿಗ್ರಿಯಲ್ಲಿ ಕಲಬುರಗಿಗಿಂತ ಕಡಿಮೆ ಇರುವ ಹಾವೇರಿ ಯುವಿ ವಿಷಯದಲ್ಲಿ ಏನೂ ಹಿಂದೆ ಬಿದ್ದಿಲ್ಲ. ತೆಳು ಮೋಡ ಇದ್ದರೂ ಹೆಚ್ಚಿನ ಪಾಲು ಯುವಿ ದಾಟಿ ಬರುತ್ತದೆ. ತಂಗಾಳಿ ಬೀಸುತ್ತಿದ್ದರೆ ಮೈಗೆ ಗೊತ್ತೇ ಆಗುವುದಿಲ್ಲ.

ಇದನ್ನು ಅಳೆಯಲು ಆ್ಯಪ್ ಬೇಕಿಲ್ಲ, ನಿಮ್ಮ ನೆರಳು ಸಾಕು. ನೆರಳು ನಿಮಗಿಂತ ಉದ್ದ ಇದ್ದರೆ ಯುವಿ ಕಡಿಮೆ. ನಿಮಗಿಂತ ಗಿಡ್ಡ ಆಯಿತೋ, ಚರ್ಮಕ್ಕೆ ಪೆಟ್ಟು ಬೀಳುವ ಹೊತ್ತು ಶುರು. ಹಾವೇರಿಯಲ್ಲಿ ಏಪ್ರಿಲ್ ಕೊನೆಗೆ ಸುಮಾರು ಬೆಳಗ್ಗೆ 9.20ಕ್ಕೆ ನೆರಳು ಆಳಿಗಿಂತ ಗಿಡ್ಡ ಆಗುತ್ತದೆ, ಮತ್ತೆ ಉದ್ದ ಆಗುವುದು ಮಧ್ಯಾಹ್ನ 3.30ರ ನಂತರ. ಏಪ್ರಿಲ್ ಮುಗಿದು ಮೇ ಬರುವ ಹೊತ್ತಿಗೆ ಒಂದು ದಿನ, ಆಮೇಲೆ ಆಗಸ್ಟ್ ಎರಡನೇ ವಾರದಲ್ಲಿ ಇನ್ನೊಂದು ದಿನ, ಮಧ್ಯಾಹ್ನ 12.25–12.35ರ ಆಸುಪಾಸಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಆಗಸ್ಟ್‌ನಲ್ಲಿ ಯಾರೂ ಬೇಸಿಗೆ ಅನ್ನುವುದಿಲ್ಲ, ಆದರೆ ಮಳೆ ಬಿಡುವು ಕೊಟ್ಟ ದಿನ ಹೊಲದಲ್ಲಿ ಕಳೆ ತೆಗೆಯುವವರ ಮೇಲೆ ಬೀಳುವುದು ಅದೇ ನೆತ್ತಿಯ ಸೂರ್ಯ.

ನಮ್ಮ ಬಣ್ಣ ಕಾಯುತ್ತದೆ, ಆದರೆ ಎಲ್ಲರನ್ನೂ ಅಲ್ಲ

ಈಗ ‘ರೂಢಿ ಐತಿ’ ಅನ್ನುವವರ ಅರ್ಧ ಸತ್ಯ. ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಜೀವಕೋಶದ ಡಿಎನ್‌ಎ ಮೇಲೆ ಛತ್ರಿ ಹಿಡಿದ ಹಾಗೆ ಕೂತಿರುತ್ತದೆ. ಬರುವ ಯುವಿಯಲ್ಲಿ ದೊಡ್ಡ ಪಾಲನ್ನು ಅದೇ ಹೀರಿಕೊಳ್ಳುತ್ತದೆ. ಅದಕ್ಕೇ ಆಸ್ಟ್ರೇಲಿಯಾದ ಲೆಕ್ಕವನ್ನು ನಮಗೆ ಹಚ್ಚುವಂತಿಲ್ಲ. ಅಲ್ಲಿ ಬಿಳಿ ಚರ್ಮದ ಜನ ಜಾಸ್ತಿ, ಬಿಸಿಲೂ ಜಾಸ್ತಿ. 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗಾದರೂ ಒಂದಲ್ಲ ಒಂದು ಚರ್ಮದ ಕ್ಯಾನ್ಸರ್ ಪತ್ತೆ ಆಗುತ್ತದೆ ಅಂತ ಅಲ್ಲಿನ ಲೆಕ್ಕ. 1981ರಲ್ಲೇ ಅಲ್ಲಿ ‘ಅಂಗಿ ಹಾಕಿ, ಕ್ರೀಮ್ ಹಚ್ಚಿ, ಟೋಪಿ ಇಡಿ’ ಅನ್ನುವ ಪ್ರಚಾರ ಶುರು ಮಾಡಿದರು. ಭಾರತದಲ್ಲಿ ಒಟ್ಟು ಕ್ಯಾನ್ಸರ್‌ಗಳಲ್ಲಿ ಚರ್ಮದ್ದು ಶೇ 1–2ರ ಆಸುಪಾಸು ಮಾತ್ರ. ನಮ್ಮ ಜನರನ್ನು ಹೆಚ್ಚು ಕಾಡುತ್ತಿರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್. ಗುಟ್ಕಾ ಜಗಿಯುತ್ತ ‘ಬಿಸಿಲಿಗೆ ಹೋಗಬೇಡ’ ಅಂತ ಬುದ್ಧಿ ಹೇಳುವವರು ಇದನ್ನು ನೆನಪಿಡಬೇಕು.

ಹಾಗಂತ ಬಿಸಿಲು ನಿರಪರಾಧಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1992ರಲ್ಲೇ ಸೂರ್ಯಕಿರಣವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು, ಅಡಿಕೆ ಇರುವುದೂ ಅದೇ ಗುಂಪಿನಲ್ಲಿ. ಒಂದೇ ಗುಂಪು ಅಂದರೆ ಅಪಾಯ ಒಂದೇ ಸಮ ಅಂತಲ್ಲ, ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷಿ ಗಟ್ಟಿ ಇದೆ ಅಂತ ಅರ್ಥ. 2023ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜಂಟಿಯಾಗಿ ಒಂದು ಅಂದಾಜು ಕೊಟ್ಟವು. 2019ರಲ್ಲಿ ಜಗತ್ತಿನಲ್ಲಿ 160 ಕೋಟಿ ಜನ ಬಯಲಲ್ಲಿ ದುಡಿಯುತ್ತ ಯುವಿಗೆ ಮೈಯೊಡ್ಡಿದ್ದರು, ಅದರಿಂದ ಬಂದ ಚರ್ಮದ ಕ್ಯಾನ್ಸರ್‌ಗೆ 183 ದೇಶಗಳಲ್ಲಿ ಸುಮಾರು 19 ಸಾವಿರ ಮಂದಿ ಸತ್ತರು. ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರ್ ಸಾವುಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದಕ್ಕೆ ಬಿಸಿಲಿನ ದುಡಿಮೆಯೇ ಕಾರಣ. ಇದು ಬೀಚಿನಲ್ಲಿ ಮಲಗಿದವರ ಕಾಯಿಲೆ ಅಷ್ಟೇ ಅಲ್ಲ, ಕೂಲಿಯವರ ಕಾಯಿಲೆಯೂ ಹೌದು.

ನಮ್ಮಲ್ಲೂ ಕೆಲವರಿಗೆ ಆ ಛತ್ರಿ ಇಲ್ಲ. ಹುಟ್ಟಿನಿಂದಲೇ ಚರ್ಮ, ಕೂದಲು ಬೆಳ್ಳಗಿರುವ ಮಕ್ಕಳು ಪ್ರತಿ ಊರಿನ ಸುತ್ತಮುತ್ತ ಒಬ್ಬಿಬ್ಬರು ಸಿಗುತ್ತಾರೆ. ಇದಕ್ಕೆ ಆಲ್ಬಿನಿಸಂ ಅನ್ನುತ್ತಾರೆ. ಅವರಲ್ಲಿ ಮೆಲನಿನ್ ತೀರಾ ಕಡಿಮೆ, ಹಾಗಾಗಿ ಬಿಸಿಲಿನ ಕ್ಯಾನ್ಸರ್ ಅಪಾಯ ಎಲ್ಲರಿಗಿಂತ ಹೆಚ್ಚು, ಅದೂ ಸಣ್ಣ ವಯಸ್ಸಿಗೆ. ಇನ್ನೊಂದು ಅಪರೂಪದ ಕಾಯಿಲೆ ಇದೆ: ಸ್ವಲ್ಪ ಬಿಸಿಲು ತಾಗಿದರೂ ಮಗುವಿನ ಮುಖದ ತುಂಬ ಕಪ್ಪು ಚುಕ್ಕಿ ಏಳುತ್ತವೆ, ಕಣ್ಣಿಗೆ ಬೆಳಕು ತಡೆಯುವುದಿಲ್ಲ. ಡಿಎನ್‌ಎ ರಿಪೇರಿ ಮಾಡುವ ಶಕ್ತಿಯೇ ಇರದ ಈ ಮಕ್ಕಳಿಗೆ ಚಿಕ್ಕಂದಿನಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು. ಈ ಎರಡೂ ಬರುವುದು ಸಾಮಾನ್ಯವಾಗಿ ತಂದೆ-ತಾಯಿ ಇಬ್ಬರಿಂದಲೂ ಅದೇ ದೋಷದ ಜೀನ್ ಇಳಿದಾಗ. ಸೋದರಮಾವ, ಅತ್ತೆ ಮಗಳು ಅಂತ ಸಂಬಂಧದೊಳಗೇ ಮದುವೆ ಮಾಡುವ ನಮ್ಮ ಕಡೆ ಆ ಸಾಧ್ಯತೆ ಹೆಚ್ಚು. ಇಂಥ ಮಗುವನ್ನು ಶಾಲೆಯ ಮೈದಾನದಲ್ಲಿ ಬಿಸಿಲಿಗೆ ಪ್ರಾರ್ಥನೆಗೆ ನಿಲ್ಲಿಸಬಾರದು ಅನ್ನುವುದು ಮೇಷ್ಟ್ರಿಗೂ ಗೊತ್ತಿರಬೇಕು.

ಕ್ಯಾನ್ಸರ್‌ಗಿಂತ ಮೊದಲು ಬರುವುದು

ನಮ್ಮಲ್ಲಿ ಹೆಚ್ಚಿನವರಿಗೆ ಬಿಸಿಲು ಮಾಡುವ ಹಾನಿ ಕ್ಯಾನ್ಸರ್ ಅಲ್ಲ. ಕೆನ್ನೆ, ಹಣೆ ಮೇಲೆ ಬಂಗು. ಕುತ್ತಿಗೆ ಹಿಂದೆ ಚರ್ಮ ದಪ್ಪಗಾಗುವುದು. ಕಣ್ಣಿಗೆ ಪೊರೆ, ಕರಿಗುಡ್ಡೆ ಕಡೆಗೆ ಮಾಂಸ ಬೆಳೆಯುವುದು. ಇದರ ಜೊತೆಗೆ ನಮ್ಮ ಕಡೆ ಕಾಂಗ್ರೆಸ್ ಕಸ ಅನ್ನುವ ಪಾರ್ಥೇನಿಯಂ. ಇದರ ಪುಡಿ ಗಾಳಿಯಲ್ಲಿ ಹಾರಿ ಮುಖ, ಕುತ್ತಿಗೆ, ಮೊಣಕೈ ಮಡಿಕೆಗೆ ತಾಗಿ ತುರಿಕೆ ಎಬ್ಬಿಸುತ್ತದೆ. ಕೆಲವು ರೈತರಿಗೆ ಅದು ವರ್ಷಗಟ್ಟಲೆ ಉಳಿದು, ಕೊನೆಗೆ ಬಿಸಿಲೇ ಆಗದ ಸ್ಥಿತಿಗೆ ಬರುತ್ತದೆ. ಹೊಲಕ್ಕೆ ಹೋಗದೆ ಬದುಕಿಲ್ಲ, ಹೋದರೆ ಮೈ ಉರಿ.

ಹೈವೇ ಮೇಲೆ ಲಾರಿ ಓಡಿಸುವವರಿಗೂ ಒಂದು ಮಾತು. ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯನ್ನು ಪೂರ್ತಿ ತಡೆಯುವುದಿಲ್ಲ. 28 ವರ್ಷ ಟ್ರಕ್ ಓಡಿಸಿದ ಒಬ್ಬ ಅಮೆರಿಕನ್ ಚಾಲಕನ ಫೋಟೊ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಕಿಟಕಿ ಕಡೆ ಇದ್ದ ಎಡಗೆನ್ನೆ ಮುದುಕನದ್ದು, ಬಲಗೆನ್ನೆ ಅದಕ್ಕಿಂತ ಎಷ್ಟೋ ವರ್ಷ ಚಿಕ್ಕವನದ್ದು ಅನ್ನುವ ಹಾಗಿತ್ತು. ನಮ್ಮ ಗಾಡಿಯಲ್ಲಿ ಸ್ಟೇರಿಂಗ್ ಬಲಕ್ಕೆ, ಹಾಗಾಗಿ ಬಲಗೈ, ಬಲಗೆನ್ನೆ ನೋಡಿಕೊಳ್ಳಿ. ಪಶ್ಚಿಮಕ್ಕೆ ಬಾಗಿಲಿರುವ ಅಂಗಡಿಯ ಗಲ್ಲಾದಲ್ಲಿ ಮಧ್ಯಾಹ್ನ ಕೂರುವವರಿಗೂ ಇದೇ ಮಾತು.

ಅಸಲು ತೊಂದರೆ: ಮಾಯದ ಗಾಯ

ಚರ್ಮದ ಕ್ಯಾನ್ಸರ್ ಹೊಟ್ಟೆಯೊಳಗೆ ಅಡಗಿ ಕೂರುವುದಿಲ್ಲ, ಕಣ್ಣೆದುರೇ ಇರುತ್ತದೆ. ಬೇಗ ಹಿಡಿದರೆ ಎಷ್ಟೋ ಸಲ ಸಣ್ಣ ಆಪರೇಷನ್‌ನಲ್ಲಿ ಮುಗಿಯುತ್ತದೆ. ಆದರೂ ತಡ ಆಗುವುದು ಏಕೆಂದರೆ ಅದು ನೋಯುವುದಿಲ್ಲ. ‘ಕುರು’, ‘ನರೂಲಿ’, ‘ಹುಳ ಮುಟ್ಟೈತಿ’ ಅಂತ ಮುಲಾಮು ಹಚ್ಚಿ, ಅರಿಷಿಣ ಹಚ್ಚಿ ತಿಂಗಳು ಕಳೆಯುತ್ತವೆ.

ನಮ್ಮ ಬಣ್ಣದವರಲ್ಲಿ ಅದು ಬರುವ ಜಾಗವೂ ಬೇರೆ, ಎಲ್ಲವೂ ಬಿಸಿಲಿನಿಂದ ಬರುವುದೂ ಅಲ್ಲ. ಮುಖದ ಮೇಲೆ, ಮೂಗಿನ ಪಕ್ಕ ಹೊಳೆಯುವ ಗಂಟು ಎದ್ದು ನಡುವೆ ಹುಣ್ಣಾಗುವುದು ಒಂದು ಬಗೆ. ಹಳೇ ಸುಟ್ಟ ಗಾಯದ ಕಲೆ ಮೇಲೆ, ಕಾಲಿನ ಹಳೇ ಹುಣ್ಣಿನ ಮೇಲೆ ಗಡ್ಡೆಯಂತೆ ಬೆಳೆಯುವುದು ಇನ್ನೊಂದು. ತೀರಾ ಅಪಾಯದ ಮೆಲನೋಮಾ ನಮ್ಮಂಥವರಲ್ಲಿ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಿಸಿಲೇ ಬೀಳದ ಜಾಗ! ಗಾಯಕ ಬಾಬ್ ಮಾರ್ಲಿ 1981ರಲ್ಲಿ ಸತ್ತದ್ದು ಕಾಲ್ಬೆರಳಿನಲ್ಲಿ ಶುರುವಾದ ಇದೇ ಕ್ಯಾನ್ಸರ್‌ನಿಂದ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮ ಕೆಟ್ಟದ್ದು ಕುಡಿಯುವ ನೀರಿನಲ್ಲಿದ್ದ ಆರ್ಸೆನಿಕ್‌ನಿಂದ. ಸೀರೆಯ ಒಳಲಂಗದ ಲಾಡಿಯನ್ನು ವರ್ಷಗಟ್ಟಲೆ ಬಿಗಿದು ಕಟ್ಟಿ, ನಡುವಿನಲ್ಲಿ ಉಜ್ಜಿ ಉಜ್ಜಿ ಆದ ಗಾಯ ಕ್ಯಾನ್ಸರ್ ಆಗಿದ್ದ ಇಬ್ಬರು ಮಹಿಳೆಯರ ವಿಷಯವನ್ನು ಮಹಾರಾಷ್ಟ್ರ, ಬಿಹಾರದ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಮನೆಯ ದೊಡ್ಡವರು ಹೇಳಿಕೊಳ್ಳದ ಜಾಗ ಅದು. ಮಕ್ಕಳು, ಸೊಸೆಯಂದಿರೇ ಕೇಳಬೇಕು.

ಹಾಗಾಗಿ ನಿಯಮ ಸರಳ. ಮೈಮೇಲೆ ಎಲ್ಲೇ ಇರಲಿ, ಮೂರು-ನಾಲ್ಕು ವಾರ ಆದರೂ ಮಾಯದ ಗಾಯ, ಆಗಾಗ ರಕ್ತ ಒಸರುವ ಗಂಟು, ದೊಡ್ಡದಾಗುತ್ತಿರುವ ಅಥವಾ ಬಣ್ಣ ಬದಲಿಸುವ ಮಚ್ಚೆ, ಅಂಗಾಲಿನಲ್ಲಿ ಹೊಸ ಕಪ್ಪು ಕಲೆ, ಒಂದೇ ಉಗುರಿನಲ್ಲಿ ಮೂಡಿದ ಕಪ್ಪು ಗೆರೆ: ಇಷ್ಟರಲ್ಲಿ ಯಾವುದಿದ್ದರೂ ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ಚರ್ಮರೋಗ ವೈದ್ಯರಿಗೆ ತೋರಿಸಿ. ಅನುಮಾನ ಬಂದರೆ ಅವರು ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಅನ್ನುವುದು ಸುಳ್ಳು. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಒಯ್ಯಿರಿ.

ಟ್ಯೂಬಿನ ಲೆಕ್ಕ, ಅಂಗಿಯ ಲೆಕ್ಕ

ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಎಸ್‌ಪಿಎಫ್ 30 ಇರುವುದು ಯುವಿ-ಬಿಯಲ್ಲಿ ಸುಮಾರು ಶೇ 97ರಷ್ಟು ತಡೆಯುತ್ತದೆ. ಆದರೆ ಹಚ್ಚಬೇಕಾದಷ್ಟು ಹಚ್ಚಬೇಕು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ, ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ. ಬೆವರುವವರು ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಮೂರು ಸಲ ಅಂದರೂ 50 ಗ್ರಾಂ ಟ್ಯೂಬ್ ಹದಿನಾರು ದಿನಕ್ಕೆ ಖಾಲಿ, ಅದೂ ಕೈಗೆ ಹಚ್ಚದೆ. ದಿನಗೂಲಿಯ ಮನೆಯಲ್ಲಿ ನಾಲ್ಕು ಜನ ದುಡಿಯುವವರಿದ್ದರೆ ಲೆಕ್ಕ ನೀವೇ ಹಾಕಿ. ಆಲ್ಬಿನಿಸಂ ಇರುವ ಮಗುವಿಗೆ, ಬಿಸಿಲು ಆಗದವರಿಗೆ, ಬಂಗಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಿಗೆ ಅದು ಔಷಧಿ ಇದ್ದ ಹಾಗೆ, ದುಡ್ಡು ಹಾಕಲೇಬೇಕು. ಉಳಿದ ನಮಗೆ ಬಟ್ಟೆಯೇ ಅಗ್ಗದ ದಾರಿ.

ಅದನ್ನು ನಮ್ಮ ಹೊಲದ ಹೆಣ್ಣುಮಕ್ಕಳು ಯಾವತ್ತೋ ಕಂಡುಕೊಂಡಿದ್ದಾರೆ. ಸೀರೆ ಮೇಲೆ ಗಂಡಸರ ಹಳೇ ಫುಲ್ ಶರ್ಟ್, ತಲೆಗೆ ಟವೆಲ್. ನೋಡಿ ನಗುವವರಿದ್ದಾರೆ, ಆದರೆ ಒತ್ತಾಗಿ ನೇಯ್ದ ಬಟ್ಟೆ ದಿನವಿಡೀ ಯುವಿ ತಡೆಯುತ್ತದೆ, ಎರಡು ತಾಸಿಗೊಮ್ಮೆ ಹಚ್ಚುವ ಕೆಲಸ ಇಲ್ಲ. ಗಾಢ ಬಣ್ಣದ್ದು ಹೆಚ್ಚು ತಡೆಯುತ್ತದೆ, ತೆಳುವಾದದ್ದು, ಬೆವರಿಗೆ ಒದ್ದೆ ಆದದ್ದು ಕಡಿಮೆ. ಕ್ಯಾಪ್ ಹಣೆಯನ್ನಷ್ಟೇ ಮುಚ್ಚುತ್ತದೆ, ಕಿವಿ, ಕುತ್ತಿಗೆಗೆ ರುಮಾಲೇ ಮೇಲು.

ಮೆಡಿಕಲ್ ಅಂಗಡಿಯವರಿಗೆ ಒಂದು ವಿನಂತಿ. ‘ಬಂಗಿನ ಕ್ರೀಮ್ ಕೊಡ್ರಿ’, ‘ಬೆಳ್ಳಗಾಗೋ ಕ್ರೀಮ್ ಕೊಡ್ರಿ’ ಅಂತ ಬಂದವರಿಗೆ ಸ್ಟಿರಾಯ್ಡ್ ಕ್ರೀಮ್ ಎತ್ತಿಕೊಡುವುದನ್ನು ನಿಲ್ಲಿಸಿ. 2018ರ ಮಾರ್ಚ್‌ನಲ್ಲೇ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಮೊದಲ ತಿಂಗಳು ಮುಖ ಬೆಳ್ಳಗೆ ಕಾಣುತ್ತದೆ, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲಿಗೆ ಹೋದರೆ ಉರಿಯುತ್ತದೆ. ಬಂಗು ಮೊದಲಿಗಿಂತ ಹೆಚ್ಚಾಗಿ ವಾಪಸ್ ಬರುತ್ತದೆ.

ನೆರಳು ಯಾರ ಕೆಲಸ?

ಇಲ್ಲಿಯವರೆಗಿನದು ಒಬ್ಬೊಬ್ಬರು ಮಾಡಿಕೊಳ್ಳುವ ಕೆಲಸ. ಆದರೆ ಬಿಸಿಲಲ್ಲಿ ನಿಲ್ಲುವುದು ಕೂಲಿಯವರ ಆಯ್ಕೆ ಅಲ್ಲ, ಹಾಗಾಗಿ ನೆರಳೂ ಅವರೊಬ್ಬರ ಜವಾಬ್ದಾರಿ ಆಗಬಾರದು.

ಬ್ಯಾಡಗಿಯನ್ನೇ ನೋಡಿ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಸಿಗುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬೆಳಕು, ಬಿಸಿಗೆ ಆ ಕೆಂಪು ಬಣ್ಣ ಮಾಸುತ್ತದೆ ಅಂತ ಗೊತ್ತಿರುವುದರಿಂದಲೇ ಊರ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಎದ್ದಿವೆ. ಸರಕಿನ ಚರ್ಮಕ್ಕೆ ಬಿಸಿಲು ಏನು ಮಾಡುತ್ತದೆ ಅನ್ನುವುದು ಈ ಪೇಟೆಗೆ ಚೆನ್ನಾಗಿ ಗೊತ್ತು. ಅದೇ ಸರಕನ್ನು ಹರವಿ, ತಿರುವಿ, ಚೀಲ ತುಂಬುವವರ ಚರ್ಮದ ಬಗ್ಗೆ ಅದೇ ತಿಳಿವಳಿಕೆ ಯಾಕೆ ಬೇಡ? ರಾಣೆಬೆನ್ನೂರು ಕಡೆ ಬೀಜದ ಬೆಳೆಗೆ ನೆರಳಿನ ಪರದೆ ಕಟ್ಟುತ್ತಾರೆ. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವವರಿಗೂ ನಾಲ್ಕು ಮೊಳ ಪರದೆ ಕಟ್ಟಿದರೆ ಬೀಜದ ದರ ಏನೂ ಏರುವುದಿಲ್ಲ.

ಕಾನೂನಿನಲ್ಲಿ ಇದು ಹೊಸ ಮಾತೂ ಅಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಅನುಸೂಚಿಯಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ವಿಶ್ರಾಂತಿಗೆ ನೆರಳು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು ಅಂತ ಬರೆಯಲಾಗಿತ್ತು. ಸರ್ಕಾರಿ ಮಣ್ಣು ಕೆಲಸಕ್ಕೆ ಒಪ್ಪಿದ ನಿಯಮ ಖಾಸಗಿ ದಲಾಲಿ ಅಂಗಡಿಗೆ, ಸಂತೆಗೆ, ಕಟ್ಟಡದ ಕೆಲಸಕ್ಕೆ ಯಾಕೆ ದೂರ? ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳೂ ಇರಬೇಕು. ಸಂತೆ ಕರ ಕೊಡುವವರು ಅಲ್ಲಿ ಮೊದಲು ಕೇಳಬೇಕಾದದ್ದು ನೆರಳು. ಬ್ಯಾಡಗಿ ಮುಖ್ಯರಸ್ತೆ ಎಷ್ಟು ಅಡಿ ಅಗಲ ಆಗಬೇಕು ಅಂತ ವರ್ಷಗಟ್ಟಲೆ ಹೋರಾಟ ನಡೆದಿದೆ. ಅಗಲ ಆದ ರಸ್ತೆಯ ಬದಿಗೆ ಎಷ್ಟು ಗಿಡ ಬರಬೇಕು ಅಂತಲೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ದೊಡ್ಡ ಬಜೆಟ್ ಬೇಕಾದ ಕೆಲಸ ಇದಲ್ಲ. ಜನವರಿಯಿಂದ ಮೇವರೆಗೆ ಎಪಿಎಂಸಿ ಆವರಣದಲ್ಲಿ ಅಲ್ಲಲ್ಲಿ ತಾತ್ಕಾಲಿಕ ಚಪ್ಪರ. ಹರವುವ, ತಿರುವುವ ಕೆಲಸ ಬೆಳಗ್ಗೆ 9.30ರೊಳಗೆ ಮತ್ತು ಮಧ್ಯಾಹ್ನ 3.30ರ ನಂತರ, ನಡುವಿನ ಹೊತ್ತಿಗೆ ತೊಟ್ಟು ಬಿಡಿಸುವ, ಚೀಲ ಹೊಲಿಯುವ ಕೆಲಸವನ್ನು ಶೆಡ್ಡಿನ ಒಳಗೆ. ಕೂಲಿ ಕಡಿತ ಇಲ್ಲದೆ. ಸಂತೆ ಕಟ್ಟೆಗೆ ಶೀಟ್ ಹಾಕಲು ಆಗದಿದ್ದರೆ ತಾಡಪತ್ರಿ ಕಟ್ಟಲು ಕಂಬವನ್ನಾದರೂ ನೆಡುವುದು. ವ್ಯಾಪಾರಸ್ಥರ ಸಂಘ, ಹಮಾಲರ ಸಂಘ, ಎಪಿಎಂಸಿ ಒಂದು ಸಲ ಕೂತು ಮಾತಾಡಿದರೆ ಮುಂದಿನ ಹಂಗಾಮಿಗೇ ಶುರು ಮಾಡಬಹುದು.

ಅಂಗಡಿಕಾರರು ಅದಕ್ಕೂ ಕಾಯಬೇಕಿಲ್ಲ. ನಿಮ್ಮ ಅಂಗಡಿ ಮುಂದೆ ಕೂತು ಲಿಂಬೆಹಣ್ಣು, ಹೂವು ಮಾರುವವರ ಕಡೆಗೆ ನಿಮ್ಮ ತಾಡಪತ್ರಿಯನ್ನು ನಾಲ್ಕು ಅಡಿ ಮುಂದಕ್ಕೆ ಎಳೆದು ಕಟ್ಟಿ. ನಿಮ್ಮಲ್ಲಿ ಕೆಲಸಕ್ಕಿರುವವರ ಕಾಲಲ್ಲೋ, ಕೆನ್ನೆಯಲ್ಲೋ ತಿಂಗಳಿಂದ ಮಾಯದ ಗಾಯ ಕಂಡರೆ ಒಂದು ದಿನದ ಪಗಾರ ಹಿಡಿಯದೆ ಆಸ್ಪತ್ರೆಗೆ ಕಳಿಸಿ. ಈ ಕಾಯಿಲೆಯಲ್ಲಿ ಬೇಗ ತೋರಿಸಿದವರು ಸಾಮಾನ್ಯವಾಗಿ ವಾಸಿಯಾಗಿ ಕೆಲಸಕ್ಕೆ ಮರಳುತ್ತಾರೆ.